ಸ್ನ್ಯಾಪ್‌ಶಾಟ್ ತೆಗೀರಿ

ಜೆ.ಪಿ. ನಗರದ ಆ ಶ್ರವಣ ಕೇಂದ್ರದಲ್ಲಿ ಮೊದಲು ಕೆಟ್ಟದ್ದು ಒಂದು ಕಂಪ್ಯೂಟರ್ ಮಾತ್ರ. ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಅಂಥ ಬೋರ್ಡ್ ಈಗ ಸಿಗುವುದಿಲ್ಲ ಎಂದು ಹೇಳಲು ರಿಪೇರಿಗೆ ಹೋಗಿದ್ದ ನನಗೆ ಐದು ನಿಮಿಷ ಸಾಕಾಗಿತ್ತು. ಡಾಕ್ಟರನ್ನು ಅದಕ್ಕೆ ಒಪ್ಪಿಸಲು ಅರ್ಧ ದಿನ ಹಿಡಿಯಿತು.

ಅವರು ಕಿವಿ ಪರೀಕ್ಷೆ ಮಾಡಿ ಕಿವಿಗೆ ಮಷೀನು ಹಾಕುವವರು. ಮಷೀನನ್ನು ಸುಮ್ಮನೆ ಕಿವಿಗೆ ಸಿಕ್ಕಿಸಿದರೆ ಆಗುವುದಿಲ್ಲ. ಯಾರಿಗೆ ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ನೋಡಿ ಒಂದೊಂದು ಸ್ವರಕ್ಕೂ ಬೇರೆ ಬೇರೆ ಮಟ್ಟ ಇಡಬೇಕು. ಅದಕ್ಕೊಂದು ಬೂದುಬಣ್ಣದ ಪೆಟ್ಟಿಗೆ, ಹೆಚ್ಚುಕಡಿಮೆ ಸಾಬೂನಿನ ಗಾತ್ರದ್ದು. ಅದರ ಒಂದು ಕಡೆಯ ಸಣ್ಣ ತಂತಿ ಕಿವಿಯ ಮಷೀನಿಗೆ ಹೋಗುತ್ತದೆ, ಇನ್ನೊಂದು ಕಡೆಯ ಯುಎಸ್‌ಬಿ ತಂತಿ ಕಂಪ್ಯೂಟರಿಗೆ. ಪೆಟ್ಟಿಗೆಯೂ ಅದರ ಸಾಫ್ಟ್‌ವೇರೂ ಹಳೆಯವು. ಮಾಡಿದ ಕಂಪನಿ ಅವುಗಳನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ವಿಂಡೋಸ್ ಸೆವೆನ್ ಬಿಟ್ಟು ಅದರ ಮೇಲಿನ ಯಾವುದರಲ್ಲೂ ಆ ಸಾಫ್ಟ್‌ವೇರ್ ಏಳುತ್ತಿರಲಿಲ್ಲ.

ನಾನು ಹೇಳಿದ ಉಪಾಯ ಇಷ್ಟೇ: ಹೊಸ ಕಂಪ್ಯೂಟರ್ ತರುವುದು, ಹಳೆಯದರ ಡಿಸ್ಕ್ ಇನ್ನೂ ತಿರುಗುತ್ತಿರುವುದರಿಂದ ಅದನ್ನು ಇಡಿಯಾಗಿ ನಕಲು ಮಾಡಿ ಹೊಸದರೊಳಗೆ ವರ್ಚುವಲ್ ಮಷೀನ್ ಆಗಿ ಓಡಿಸುವುದು. ಹೊಸ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಿಟಕಿ ತೆರೆಯುತ್ತದೆ, ಆ ಕಿಟಕಿಯೊಳಗೆ ಹಳೆಯ ಕಂಪ್ಯೂಟರ್ ತಾನು ಸತ್ತದ್ದು ಗೊತ್ತೇ ಇಲ್ಲದ ಹಾಗೆ ಕೆಲಸ ಮಾಡುತ್ತಿರುತ್ತದೆ.

"ಆಯ್ತು, ಮಾಡಿ. ಶನಿವಾರದೊಳಗೆ ಪೆಟ್ಟಿಗೆ ಓಡಿದ್ರೆ ಇವಳು ಇರ್ತಾಳೆ," ಎಂದು ಡಾಕ್ಟರ್ ಪಕ್ಕದಲ್ಲಿ ನಿಂತಿದ್ದ ಸಹಾಯಕಿಯ ಕಡೆ ಗಲ್ಲ ತೋರಿಸಿದರು. "ಓಡ್ಲಿಲ್ಲ ಅಂದ್ರೆ ನಾನು ಹೊಸ ಸೆಟ್ಟೇ ತಗೋತೀನಿ. ಅದಕ್ಕೆ ಡಿಗ್ರಿ ಮಾಡಿರೋ ಹುಡುಗಿ ಬರ್ತಾಳೆ. ಇವಳಿಗೆ ಈ ಹಳೇ ಸಾಫ್ಟ್‌ವೇರ್ ಬಿಟ್ರೆ ಬೇರೆ ಏನು ಬರುತ್ತೆ ಹೇಳಿ."

ಆಕೆ ನಕ್ಕರು ಎಂದು ನನ್ನ ಡೈರಿಯಲ್ಲಿದೆ. ನಕ್ಕರೋ ಅಥವಾ ನಕ್ಕಂತೆ ತುಟಿ ಅಲುಗಿತೋ ಎಂದು ಈಗ ಕೇಳಿಕೊಂಡರೆ ಗೊತ್ತಿಲ್ಲ. ನಾನು ಪ್ರತಿ ಕೆಲಸಕ್ಕೂ ಅಂದಂದೇ ಟಿಪ್ಪಣಿ ಬರೆದಿಡುತ್ತೇನೆ, ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲದ್ದರಿಂದ. ಆದರೆ ಟಿಪ್ಪಣಿ ಬರೆದವನೂ ನಾನೇ.

ಸಹಾಯಕಿಗೆ ಮೂವತ್ತೈದರ ಆಸುಪಾಸು. ಊರು ಬಾಗಲಕೋಟೆಯ ಕಡೆ, ವಾಸ ಬಿಟಿಎಂ ಬಡಾವಣೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಆರು ವರ್ಷದಿಂದ ಅಲ್ಲಿ ಫೋನು ಎತ್ತುವುದು, ಹೆಸರು ಬರೆದುಕೊಳ್ಳುವುದರ ಜೊತೆಗೆ ಮಷೀನು ಹೊಂದಿಸುವ ಕೆಲಸವನ್ನೂ ಪೂರ್ತಿ ಆಕೆಯೇ ಮಾಡುತ್ತಿದ್ದರು. ಡಾಕ್ಟರ್ ಕೊನೆಯಲ್ಲಿ ಬಂದು "ಕೇಳಿಸ್ತಾ?" ಎಂದು ಕೇಳಿ ಹೋಗುತ್ತಿದ್ದರು. ಡಾಕ್ಟರ್ ಒಳಗೆ ಹೋದ ಮೇಲೆ ಆಕೆ ನನ್ನ ಹತ್ತಿರ ಬಂದು ಹೇಳಿದರು:

"ಸರ್ರ, ಇದು ನಡದ್ರ ನಾನೂ ಇಲ್ಲಿ ನಡೀತೀನ್ರಿ. ಇಷ್ಟ ಐತಿ ನೋಡ್ರಿ ವಿಷಯ."

"ನಡಿಯುತ್ತೆ ಮೇಡಂ, ಯೋಚನೆ ಮಾಡ್ಬೇಡಿ," ಎಂದೆ.

ಸೋಮವಾರ ಇಡೀ ದಿನ ನಕಲು ಮಾಡಿದೆ. ಹಳೆಯ ಡಿಸ್ಕ್ ನಡುನಡುವೆ ಕಟಕಟ ಎನ್ನುತ್ತಿತ್ತು. ಕೆಲವು ಕಡೆ ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಸಂಜೆಗೆ ಹೊಸ ಕಂಪ್ಯೂಟರಿನೊಳಗೆ ವಿಂಡೋಸ್ ಸೆವೆನ್ ಎದ್ದಿತು, ಸಾಫ್ಟ್‌ವೇರ್ ತೆರೆಯಿತು, ಎಡಗಡೆ ಹೆಸರುಗಳ ಪಟ್ಟಿ ಬಂತು. ಸಹಾಯಕಿ ಕುರ್ಚಿ ಎಳೆದುಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಉರುಳಿಸಿದರು. ಒಬ್ಬೊಬ್ಬರ ಹೆಸರಿನ ಕೆಳಗೂ ಪರೀಕ್ಷೆಯ ನಕ್ಷೆ, ಹೊಂದಿಸಿದ ಮಟ್ಟಗಳು, ಆಕೆಯೇ ಬರೆದಿಟ್ಟ ಮಾತುಗಳು. ಒಬ್ಬರಿಗೆ ಕುಕ್ಕರ್ ಕೂಗಿದರೆ ಕಿವಿ ಚುಚ್ಚುತ್ತದೆ, ಆದ್ದರಿಂದ ಮೇಲಿನ ಸ್ವರ ತಗ್ಗಿಸಿದೆ. ಇನ್ನೊಬ್ಬರು ಮದುವೆ ಮನೆಯಲ್ಲಿ ಮಷೀನು ಕಳಚಿಟ್ಟು ಕೂರುತ್ತಾರೆ, ಗದ್ದಲಕ್ಕೆ ಬೇರೆ ಪ್ರೋಗ್ರಾಂ ಹಾಕಿದೆ. ಆರು ವರ್ಷದ ಅಂಥ ಮಾತುಗಳು.

"ಎಲ್ಲಾ ಅದಾವ್ರಿ," ಎಂದರು. "ಒಬ್ರೂ ಎಲ್ಲೂ ಹೋಗಿಲ್ಲ."

ಆಗ ನಾನು ಸ್ನ್ಯಾಪ್‌ಶಾಟ್ ಒಂದನ್ನು ತೆಗೆದಿಟ್ಟೆ. ವರ್ಚುವಲ್ ಮಷೀನಿನ ಆ ಹೊತ್ತಿನ ಸ್ಥಿತಿಯನ್ನು ಹಾಗೇ ಹಿಡಿದಿಡುವ ಸೌಲಭ್ಯ ಅದು. ಮುಂದೆ ಏನಾದರೂ ಕೆಟ್ಟರೆ ಅಲ್ಲಿಗೆ ಮರಳಬಹುದು. ಅದಕ್ಕೆ 'ಮೊದಲ ದಿನ' ಎಂದು ಹೆಸರಿಟ್ಟೆ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಅದೇ ಡಿಸ್ಕಿನ ಮೇಲೆ ಕೂತಿರುತ್ತದೆ, ಡಿಸ್ಕ್ ಹೋದರೆ ಅದೂ ಹೋಗುತ್ತದೆ ಎಂದು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಇಡೀ ಫೈಲನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕಿತ್ತು. ನಾಳೆ ಮಾಡೋಣ ಎಂದುಕೊಂಡೆ. ಆ ಡಿಸ್ಕ್ ಅವತ್ತು ನನ್ನ ಚೀಲದಲ್ಲೇ ಇತ್ತು ಎಂದು ಈಗ ಅನಿಸುತ್ತದೆ. ಆದರೆ ತಪ್ಪನ್ನು ಆಮೇಲೆ ಇನ್ನಷ್ಟು ದೊಡ್ಡದು ಮಾಡಿಕೊಂಡು ಸಮಾಧಾನಪಡುವ ನೆನಪೂ ಒಂದು ಇರುತ್ತದೆ. ಹಾಗಾಗಿ ಚೀಲದಲ್ಲಿತ್ತು ಎಂದು ಖಚಿತವಾಗಿ ಬರೆಯಲಾರೆ. ಖಚಿತವಾದದ್ದು ಇಷ್ಟು: ಮಾರನೆಯ ಬೆಳಿಗ್ಗೆ ಹಳೆಯ ಡಿಸ್ಕ್‌ಗೆ ವಿದ್ಯುತ್ ಕೊಟ್ಟಾಗ ಅದು ತಿರುಗಲಿಲ್ಲ. ಆಮೇಲೆ ಎಂದೂ ತಿರುಗಲಿಲ್ಲ.

ಮಂಗಳವಾರ ಪೆಟ್ಟಿಗೆಯ ಸರದಿ.

ವರ್ಚುವಲ್ ಮಷೀನಿಗೆ ಯುಎಸ್‌ಬಿ ಸಾಧನವೊಂದನ್ನು ಕೊಡುವುದು ಎಂದರೆ, ಹೊರಗಿನ ಹೊಸ ಕಂಪ್ಯೂಟರ್ ಅದರ ಮೇಲಿನ ಹಿಡಿತ ಬಿಟ್ಟು ಕಿಟಕಿಯೊಳಗಿನ ಹಳೆಯದಕ್ಕೆ ದಾಟಿಸಬೇಕು. ಇದಕ್ಕೆ ಫಿಲ್ಟರ್ ಎಂದು ಒಂದು ಸಾಲು ಬರೆಯುತ್ತೇವೆ. ಪ್ರತಿ ಯುಎಸ್‌ಬಿ ಸಾಧನವೂ ತನ್ನ ಗುರುತಿನ ಎರಡು ಸಂಖ್ಯೆ ಹೇಳುತ್ತದೆ, ಮಾಡಿದವರದು ಒಂದು, ಸಾಧನದ್ದು ಒಂದು. ಈ ಸಂಖ್ಯೆಯವನು ಬಂದರೆ ಒಳಗೆ ಕಳಿಸು ಎಂಬುದೇ ಫಿಲ್ಟರ್. ನಾನು ಪೆಟ್ಟಿಗೆಯ ತಂತಿ ಚುಚ್ಚಿ, ಸಂಖ್ಯೆ ನೋಡಿ, ಫಿಲ್ಟರ್ ಬರೆದೆ. ಪೆಟ್ಟಿಗೆಯ ದೀಪ ಕೆಂಪಿನಿಂದ ಹಳದಿಗೆ ಬಂತು. ಕಿಟಕಿಯೊಳಗಿನ ವಿಂಡೋಸ್ 'ಟಿಣ್' ಎಂದು ಸದ್ದು ಮಾಡಿ ಗುರುತಿಸಿತು. ನಾಲ್ಕು ಸೆಕೆಂಡು. ಆಮೇಲೆ ಒಳಗೆ ಸಾಧನ ಕಿತ್ತ ಸದ್ದು, ಅದರ ಹಿಂದೆಯೇ ಹೊರಗಿನ ಕಂಪ್ಯೂಟರಿನಲ್ಲಿ ಸಾಧನ ಬಂದ ಸದ್ದು. ದೀಪ ಮತ್ತೆ ಕೆಂಪು.

ಮತ್ತೆ ಚುಚ್ಚಿದೆ. ಟಿಣ್, ನಾಲ್ಕು ಸೆಕೆಂಡು, ಒಳಗೆ ಹೋಯಿತು, ಹೊರಗೆ ಬಂತು.

ವರ್ಚುವಲ್ ಮಷೀನಿನ ಯುಎಸ್‌ಬಿಯನ್ನು ಮೂರನೆಯ ಆವೃತ್ತಿಯಲ್ಲಿ ಇಟ್ಟಿದ್ದೆ. ಹಳೆಯ ವಿಂಡೋಸ್‌ಗೆ ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಇರುವುದಿಲ್ಲ ಎಂದು ನೆನಪಾಗಿ ಎರಡಕ್ಕೆ ಇಳಿಸಿದೆ. ಅದೇ ಕತೆ. ಹಿಂದಿನ ಪೋರ್ಟು, ಮುಂದಿನ ಪೋರ್ಟು, ಬೇರೆ ತಂತಿ, ನಡುವೆ ಪ್ರತ್ಯೇಕ ವಿದ್ಯುತ್ ಇರುವ ಹಬ್. ಹೊರಗಿನ ಕಂಪ್ಯೂಟರಿನಲ್ಲಿ ಸಾಧನ ಮಲಗಿಸುವ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿದೆ. ಒಂದು ಸಲ 'ಸಾಧನ ಹಿಂದಿನ ಕೋರಿಕೆಯಲ್ಲಿ ನಿರತವಾಗಿದೆ' ಎಂಬ ತಪ್ಪಿನ ಸಂದೇಶ ಬಂತು. ಸಂತೋಷವಾಯಿತು. ಸಂದೇಶ ಇಲ್ಲದ ತಪ್ಪಿಗಿಂತ ಸಂದೇಶ ಇರುವ ತಪ್ಪು ಮೇಲು. ಪೆಟ್ಟಿಗೆ ಕಿತ್ತು ಚುಚ್ಚಿದರೆ ಆ ಸಂದೇಶವೂ ಹೋಯಿತು.

ಬುಧವಾರ ಮಧ್ಯಾಹ್ನ ಡಾಕ್ಟರ್ ನನ್ನ ಹಿಂದೆ ಬಂದು ನಿಂತರು.

"ಏನ್ ಓದಿದೀರಿ ನೀವು?"

"ಎಂ.ಎಸ್ಸಿ. ಸಾರ್. ಫಿಸಿಕ್ಸ್."

"ಫಿಸಿಕ್ಸಾ? ಎಂ.ಎಸ್ಸಿ. ಮಾಡ್ಕೊಂಡು ಒಂದು ಪಿನ್ನು ಚುಚ್ಚಕ್ಕೆ ಮೂರು ದಿನಾನಾ ಸ್ವಾಮಿ? ಪಿಎಚ್‌.ಡಿ. ಮಾಡಿದ್ರೆ ಮೂರು ತಿಂಗಳು ಬೇಕಾಗ್ತಿತ್ತೇನೋ." ಕಾಯುತ್ತಿದ್ದ ಇಬ್ಬರು ಹಿರಿಯರು ಇದನ್ನು ಕೇಳಿಸಿಕೊಂಡಿದ್ದರೆ ನಗುತ್ತಿದ್ದರು. ಅವರ ಮಷೀನುಗಳು ಮೇಜಿನ ಮೇಲಿನ ಬಟ್ಟಲಲ್ಲಿ ನನಗಾಗಿ ಕಾಯುತ್ತಿದ್ದವು. ಡಾಕ್ಟರ್ ಸಹಾಯಕಿಯ ಕಡೆ ತಿರುಗಿದರು. "ನೋಡ್ಕೋ. ನಿನ್ನ ಹಣೆಬರಹ ಇವರ ಕೈಲಿದೆ. ಬಟ್ಟೆ ಬರೆ ಪ್ಯಾಕ್ ಮಾಡಿಟ್ಟಿರು."

ಡಾಕ್ಟರ್ ಹೋದ ಮೇಲೆ ಆಕೆ ಪರದೆಯ ಮೂಲೆಯನ್ನು ಬೆರಳಿನಿಂದ ತೋರಿಸಿದರು.

"ಸರ್ರ, ಒಂದ್ ಮಾತ್ರಿ. ಒಳಗ ಹೋಗೂ ಮುಂದ ಒಂದ್ ಹೆಸರು ಬರ್ತೈತ್ರಿ, ಹೊರಗ ಬಂದಾಗ ಬ್ಯಾರೆ ಹೆಸರು ಬರ್ತೈತಿ. ನೀವು ನೋಡೀರಿಲ್ಲೊ?"

"ಅದು ಹಾಗೇ ಇರುತ್ತೆ ಮೇಡಂ. ಹೊರಗಿನ ವಿಂಡೋಸ್ ಬೇರೆ ಅಲ್ವಾ, ಅದು ಅದರ ಭಾಷೇಲಿ ಹೆಸರು ತೋರಿಸುತ್ತೆ," ಎಂದೆ. ತಿರುಗಿ ನೋಡಿ ಹೇಳಿದೆನೋ ನೋಡದೇ ಹೇಳಿದೆನೋ, ಆ ಮಾತು ಡೈರಿಯಲ್ಲಿ ಇಲ್ಲ. ಆಕೆ ಹೇಳಿದ್ದನ್ನು ಬರೆದುಕೊಳ್ಳಬೇಕು ಎಂದೇ ನನಗೆ ಅನಿಸಿರಲಿಲ್ಲ. ಅವತ್ತಿನ ಪುಟದಲ್ಲಿ ಇರುವುದು 'ಡ್ರೈವರ್ ಹಳೆಯದು, ಹೊಸ ಆವೃತ್ತಿ ಹುಡುಕಬೇಕು' ಎಂಬ ಒಂದು ಸಾಲು.

ಡ್ರೈವರ್ ಸಿಕ್ಕಿತು. ಗುರುವಾರ ಬೆಳಿಗ್ಗೆ ನಾನು ಕೋಣನಕುಂಟೆಯ ಒಂದು ಕಚೇರಿಯಲ್ಲಿ ಬೇರೆ ಕೆಲಸ ಹಿಡಿದು ಕೂತಿದ್ದೆ. ಹನ್ನೊಂದರ ಹೊತ್ತಿಗೆ ಡಾಕ್ಟರ್ ಫೋನ್ ಮಾಡಿ, ಹನ್ನೆರಡಕ್ಕೆ ಬೇಕಾದವರೊಬ್ಬರು ಬರುತ್ತಿದ್ದಾರೆ, ಅಷ್ಟರಲ್ಲಿ ಆಗಲೇಬೇಕು ಎಂದರು. ಬರಲು ಆಗುವುದಿಲ್ಲ, ಫೋನಿನಲ್ಲೇ ಸಹಾಯಕಿಯ ಕೈಯಲ್ಲಿ ಡ್ರೈವರ್ ಹಾಕಿಸುತ್ತೇನೆ ಎಂದೆ. ಡ್ರೈವರ್ ಫೈಲನ್ನು ಮೇಲ್ ಮಾಡಿ ಆಕೆಗೆ ಫೋನ್ ಮಾಡಿದೆ.

ಮೊದಲ ಹೆಜ್ಜೆ ಯಾವಾಗಲೂ ಒಂದೇ. ಹೊಸದೇನನ್ನಾದರೂ ಹಾಕುವ ಮೊದಲು ಇರುವ ಸ್ಥಿತಿಯನ್ನು ಹಿಡಿದಿಡಬೇಕು.

"ಮೇಡಂ, ಮೊದ್ಲು ಆ ಕಿಟಕಿ ಮುಚ್ಚಿ. ಹೊರಗಡೆ ಪಟ್ಟಿ ಇದೆಯಲ್ಲ, ಅಲ್ಲಿ ಸ್ನ್ಯಾಪ್‌ಶಾಟ್ಸ್ ಅಂತ ಇದೆ. ಒತ್ತಿದ್ರಾ?"

"ಒತ್ತೀನ್ರಿ. 'ಮೊದಲ ದಿನ' ಅಂತ ತೋರಸಾಕತ್ತೈತಿ."

"ಹಾಂ, ಅದೇ ಜಾಗ. ಸ್ನ್ಯಾಪ್‌ಶಾಟ್ ತೆಗೀರಿ."

"ತಗೀಲ್ರೀ?"

"ತೆಗೀರಿ ತೆಗೀರಿ. ಆದ್ಮೇಲೆ ಫೋನ್ ಮಾಡಿ."

ನಾನು ಇಟ್ಟೆ. ಇಲ್ಲಿ ಕೋಣನಕುಂಟೆಯವರು ಪ್ರಿಂಟರ್ ತೋರಿಸುತ್ತ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಆಕೆಯ ಫೋನ್ ಬಂತು.

"ಸರ್ರ, ಇನ್ನೂ ಓಡಾಕತ್ತೈತ್ರಿ. ಹಸಿರು ಪಟ್ಟಿ ಅರ್ಧಕ್ಕ ಬಂದ್ ನಿಂತೈತಿ. ಡಾಕ್ಟರ್ ಬೈಯಾಕತ್ಯಾರ್ರಿ, ಅವ್ರು ಬಂದ್ ಕುಂತಾರ."

ಸ್ನ್ಯಾಪ್‌ಶಾಟ್ ಹಿಡಿಯುವುದು ಕೆಲವೇ ಸೆಕೆಂಡಿನ ಕೆಲಸ. ಇಷ್ಟು ಹೊತ್ತು ಓಡುತ್ತಿದೆ ಎಂದರೆ ಎಲ್ಲೋ ಸಿಕ್ಕಿಕೊಂಡಿದೆ. ಏನು ಓಡುತ್ತಿದೆ ಎಂದು ಓದಿ ಹೇಳಿ ಎಂದು ನಾನು ಕೇಳಲಿಲ್ಲ.

"ಸ್ಟಕ್ ಆಗಿದೆ ಮೇಡಂ. ಪವರ್ ಬಟನ್ ಒತ್ತಿ ಹಿಡ್ಕೊಳ್ಳಿ. ಆಫ್ ಮಾಡಿ ಆನ್ ಮಾಡಿ."

ಆಕೆ ಮಾಡಿದರು.

ಆಮೇಲೆ ಕಿಟಕಿ ತೆರೆಯಲಿಲ್ಲ. ನಾನು ಮಧ್ಯಾಹ್ನ ಹೋಗಿ ಕೂತು, ವರ್ಚುವಲ್ ಮಷೀನ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲು ಓದಿದೆ. ಹನ್ನೊಂದು ಗಂಟೆಯ ಸಾಲಿನಲ್ಲಿ, ಸ್ನ್ಯಾಪ್‌ಶಾಟ್ ಡಿಲೀಟ್ ಆರಂಭ ಎಂದಿತ್ತು. ಅದರ ಕೆಳಗೆ ಮುಗಿಯಿತು ಎಂಬ ಸಾಲು ಇರಲಿಲ್ಲ.

ಸ್ನ್ಯಾಪ್‌ಶಾಟ್ ಡಿಲೀಟ್ ಮಾಡಿದರೆ ಅದೊಂದರಿಂದಲೇ ಏನೂ ಹೋಗುವುದಿಲ್ಲ. 'ಮೊದಲ ದಿನ'ದ ನಂತರ ಆದ ಬದಲಾವಣೆಗಳೆಲ್ಲ ಬೇರೊಂದು ಫೈಲಿನಲ್ಲಿರುತ್ತವೆ. ಡಿಲೀಟ್ ಮಾಡಿದಾಗ ಅವನ್ನು ಮೂಲ ಫೈಲಿನೊಳಗೆ ಬೆರೆಸುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಮುಗಿಯುವವರೆಗೆ ಮುಟ್ಟದೇ ಬಿಟ್ಟರೆ ಎಲ್ಲ ಸರಿಯಾಗಿಯೇ ಇರುತ್ತದೆ. ಬೆರೆಸುವ ನಡುವೆ ಕರೆಂಟು ಕಿತ್ತರೆ ಮೂಲವೂ ಉಳಿಯುವುದಿಲ್ಲ, ಬದಲಾವಣೆಯೂ ಉಳಿಯುವುದಿಲ್ಲ. ಆಮೇಲೆ ಅವನ್ನು ಬಿಡಿಸುವುದೆಂದರೆ ಅರ್ಧ ಕಲಸಿದ ಹಿಟ್ಟಿನಿಂದ ನೀರನ್ನು ಬೇರೆ ಮಾಡುವ ಹಾಗೆ.

ಶುಕ್ರವಾರ ಬೆಳಿಗ್ಗೆಯಿಂದ ಬೇರೆ ಮಾಡಲು ನೋಡಿದೆ. ಮೊದಲು ಎರಡೂ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ, ಸೋಮವಾರ ಮಾಡಬೇಕಿದ್ದ ಕೆಲಸ. ಒಳಗಿನ ವಿಂಡೋಸ್‌ನ ಫೈಲುಗಳು ಕೆಲವು ಕಂಡವು. ಹೆಸರುಗಳಿದ್ದ ಡೇಟಾಬೇಸ್ ಫೈಲೂ ಕಂಡಿತು. ಗಾತ್ರ ಸರಿಯಾಗಿತ್ತು. ತೆರೆದು ನೋಡಿದರೆ ಮೊದಲ ತುಣುಕು ಬಿಟ್ಟು ಉಳಿದದ್ದು ಸೊನ್ನೆಗಳ ಸಾಲು. ಮೊದಲ ತುಣುಕಿನಲ್ಲಿ ಇದ್ದದ್ದು ಆ ಸಾಫ್ಟ್‌ವೇರ್ ಕಂಪನಿಯ ಹೆಸರು ಮತ್ತು ವಿಳಾಸ.

ಡಾಕ್ಟರ್ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಕೂರಲು ನನಗೆ ಮಾತ್ರ ಹೇಳಿದರು.

"ಯಾರು ಡಿಲೀಟ್ ಮಾಡಿದ್ದು?"

"ನಾನ್ರೀ," ಎಂದರು ಆಕೆ. "ಸರ್ ತಗೀರಿ ಅಂದ್ರು, ತಗದೆ."

"ನೀವು ಡಿಲೀಟ್ ಮಾಡು ಅಂದ್ರಾ?" ಡಾಕ್ಟರ್ ನನ್ನನ್ನು ಕೇಳಿದರು.

"ಇಲ್ಲ ಸಾರ್. ಸ್ನ್ಯಾಪ್‌ಶಾಟ್ ತೆಗೀರಿ ಅಂದೆ."

ಡಾಕ್ಟರ್ ನಿಜವಾಗಿ ನಕ್ಕರು. ಇದು ನನಗೆ ಚೆನ್ನಾಗಿ ನೆನಪಿದೆ. "ಫೋಟೋ ತೆಗಿ ಅಂದ್ರೆ ಫೋಟೋ ಹರಿದು ಹಾಕ್ತೀಯೇನೇ ನೀನು?"

"ನಮ್ಮ ಕಡೆ ಫೋಟೋ ಹೊಡೀತಾರ್ರೀ."

"ನಿಮ್ಮ ಕಡೆ ಎಲ್ಲಾನೂ ಹೊಡೀತೀರಿ. ಈಗ ನನ್ನ ಹೊಟ್ಟೆ ಮೇಲೆ ಹೊಡೆದೆ."

"ಅಲ್ಲಿ ಎರಡ ಬಟನ್ ಇದ್ವು ಸರ್ರ," ಆಕೆ ನನ್ನ ಕಡೆ ತಿರುಗಿದರು. ದನಿ ಏರಿರಲಿಲ್ಲ. "ಒಂದು ಟೇಕ್, ಒಂದು ಡಿಲೀಟ್. ಟೇಕ್ ಅಂದ್ರ ತಗೋಳೂದು. ನೀವು ತಗೋರಿ ಅಂದಿದ್ರ ನಾ ಟೇಕ್ ಒತ್ತತಿದ್ದೆ. ನೀವು ತಗೀರಿ ಅಂದ್ರಿ. ತಗೀರಿ ಅಂದ್ರ ತಗದ್ ಹಾಕೂದಲ್ರೀ? ನಾ ಮತ್ತ ಒಂದ್ ಸಲ ಕೇಳ್ದೆ, ತಗೀಲ್ರೀ ಅಂತ. ತೆಗೀರಿ ತೆಗೀರಿ ಅಂದ್ರಿ."

ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಫೋಟೋ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ. ಬಾಗಿಲು ತೆಗೆಯುತ್ತೇವೆ, ಗೋಡೆಗೆ ಹೊಡೆದ ಮೊಳೆಯನ್ನೂ ತೆಗೆಯುತ್ತೇವೆ. ಅದೇ ಮಾತಿಗೆ ಯಾವುದು ಬರುವುದು, ಯಾವುದು ಹೋಗುವುದು ಎಂದು ಕೇಳುವವರು ತಾವೇ ಅರ್ಥ ಮಾಡಿಕೊಳ್ಳಬೇಕು. ನನ್ನ ಡೈರಿಯಲ್ಲಿ ಗುರುವಾರದ ಪುಟ ನೋಡಿದೆ. 'ಸ್ನ್ಯಾಪ್‌ಶಾಟ್ ತೆಗೆಯಲು ಹೇಳಿದೆ' ಎಂದಿತ್ತು. ಅದನ್ನು ಓದಿದರೂ ನಾನು ಯಾವುದನ್ನು ಹೇಳಿದ್ದೆ ಎಂದು ಗೊತ್ತಾಗುತ್ತಿರಲಿಲ್ಲ.

"ಭಾಷಣ ಸಾಕು," ಎಂದರು ಡಾಕ್ಟರ್. "ಇಂಗ್ಲಿಷೂ ಬರಲ್ಲ, ಕನ್ನಡಾನೂ ಬರಲ್ಲ."

"ತಗದದ್ದು ನಂದ ತಪ್ಪು ಇರ್ಲಿರಿ," ಎಂದರು ಆಕೆ. "ಆದ್ರ ಆಮ್ಯಾಲೆ ನಾ ಫೋನ್ ಮಾಡಿದ್ದೆ. ಇನ್ನೂ ಓಡಾಕತ್ತೈತಿ ಅಂತ ಹೇಳ್ದೆ. ಪವರ್ ಬಟನ್ ಒತ್ತಿ ಹಿಡೀರಿ ಅಂದ್ರು ಸರ್. ಕೇಳ್ರಿ ಅವ್ರನ್ನ."

ಡಾಕ್ಟರ್ ನನ್ನ ಕಡೆ ನೋಡಿದರು. "ಹೌದೇನ್ರೀ?"

ಇದೇ ಆ ಕ್ಷಣ. ನಾನು ಮುಂದೆ ಹೇಳಿದ್ದಕ್ಕೆ ಯಾವ ತಾಂತ್ರಿಕ ಕಾರಣವೂ ಇಲ್ಲ. ಡಿಲೀಟ್ ಆಗಿದ್ದರಿಂದ ಏನೂ ಹೋಗುತ್ತಿರಲಿಲ್ಲ, ಕರೆಂಟು ಕಿತ್ತದ್ದರಿಂದ ಹೋಯಿತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆಕೆಗೂ ಗೊತ್ತಿರಲಿಲ್ಲ. ಆಕೆ ತನಗೆ ಇದ್ದ ಎರಡನೆಯ ಸಣ್ಣ ಆಸರೆ ಎಂದು ಹೇಳಿದ್ದು ನಿಜಕ್ಕೂ ಇಡೀ ಪ್ರಕರಣದ ಉತ್ತರವಾಗಿತ್ತು.

"ಹಾಗೆ ಹೇಳಿದ ನೆನಪಿಲ್ಲ ಸಾರ್," ಎಂದೆ.

ನೆನಪನ್ನು ನಂಬದಿರುವುದು ನನ್ನ ಅಭ್ಯಾಸ ಎಂದು ಮೇಲೆ ಬರೆದಿದ್ದೇನೆ. ಗುರುವಾರದ ಪುಟದಲ್ಲಿ ಎರಡನೆಯ ಫೋನಿನ ಬಗ್ಗೆ ಏನೂ ಇರಲಿಲ್ಲ. ನನ್ನ ಮೊಬೈಲಿನ ಪಟ್ಟಿಯಲ್ಲಿ ಆ ಕರೆ ಇತ್ತು. ಅದನ್ನು ತೆರೆದು ನೋಡಲಿಲ್ಲ. ನೆನಪು ಮೋಸ ಮಾಡುತ್ತದೆ ಎಂಬ ನನ್ನ ಇಷ್ಟು ವರ್ಷದ ಎಚ್ಚರ ಆ ದಿನ ನನಗೆ ಉಪಯೋಗಕ್ಕೆ ಬಂತು. ಕರೆಯಲ್ಲಿ ಏನು ಹೇಳಿದೆ ಎಂಬುದು ನನಗೆ ಆಗ ಪದಪದವಾಗಿ ನೆನಪಿತ್ತು, ಈಗಲೂ ಇದೆ. ಮೇಲೆ ಬರೆದದ್ದು ಅದೇ.

ಆಕೆ ನನ್ನ ಕಡೆ ತಿರುಗಿದರು. ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ.

"ಇರಬಹುದ್ರಿ," ಎಂದರು. "ನಿಮಗ ನೆನಪಿರಾಕಿಲ್ಲ. ಒಂದ ದಿನದಾಗ ಎಷ್ಟ ಮಂದಿಗೆ ಹೇಳ್ತಿರ್ತೀರಿ."

ಡಾಕ್ಟರ್ ತೀರ್ಮಾನ ಆಗಲೇ ಮಾಡಿಯಾಗಿತ್ತು. ಅಪಾಯಿಂಟ್‌ಮೆಂಟ್ ಬರೆಯುವ ಕಾಗದದ ಪುಸ್ತಕಗಳು ಇದ್ದವು, ಅವುಗಳಲ್ಲಿ ಎಲ್ಲರ ಫೋನ್ ನಂಬರುಗಳಿದ್ದವು. ಪ್ರತಿಯೊಬ್ಬರಿಗೂ ಆಕೆಯೇ ಫೋನ್ ಮಾಡಬೇಕು. ದಾಖಲೆ ಹೋಗಿದೆ, ಮತ್ತೆ ಪರೀಕ್ಷೆಗೆ ಬನ್ನಿ ಎಂದು ಹೇಳಬೇಕು. "'ನನ್ನ ತಪ್ಪಿಂದ ಹೋಗಿದೆ' ಅಂತ್ಲೂ ನೀನೇ ಹೇಳ್ಬೇಕು. ನನ್ನ ಸೆಂಟರ್ ಹೆಸರು ಹಾಳಾಗ್ಬಾರ್ದು, ಗೊತ್ತಾಯ್ತಾ? ಕೊನೇ ನಂಬರ್ ಮುಗೀತು ಅಂದ್ರೆ ನೀನೂ ಹೊರಡಬಹುದು." ನನಗೆ, ಹೊಸದಾಗಿ ಸಾಫ್ಟ್‌ವೇರ್ ಹಾಕಿ ಪೆಟ್ಟಿಗೆ ಓಡಿಸಿಕೊಡಿ, ಡಿಗ್ರಿಯ ಹೊಸ ಹುಡುಗಿ ಬರುವವರೆಗೆ ತಾನೇ ನೋಡಿಕೊಳ್ಳುತ್ತೇನೆ ಎಂದರು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಕಾಫಿ ತರಿಸಿದರು.

ಶನಿವಾರ ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತೆವು.

ನಾನು ಖಾಲಿ ವರ್ಚುವಲ್ ಮಷೀನ್ ಮಾಡಿ, ವಿಂಡೋಸ್ ಸೆವೆನ್ ಹಾಕಿ, ಡಾಕ್ಟರ್ ಬೀರುವಿನಲ್ಲಿದ್ದ ಸಿಡಿಯಿಂದ ಸಾಫ್ಟ್‌ವೇರ್ ಹಾಕಿದೆ. ಎಡಗಡೆಯ ಪಟ್ಟಿ ಬಿಳಿಯಾಗಿ ತೆರೆಯಿತು. ಪೆಟ್ಟಿಗೆ ಚುಚ್ಚಿದೆ. ಟಿಣ್, ನಾಲ್ಕು ಸೆಕೆಂಡು, ಒಳಗೆ ಹೋಯಿತು, ಹೊರಗೆ ಬಂತು. ಈ ಸಲ ಹೊರಗೆ ಬಂದ ಸಾಲನ್ನು ಓದಿದೆ. ಹೆಸರು ಬೇರೆ. ಗುರುತಿನ ಸಂಖ್ಯೆಯೂ ಬೇರೆ.

ಪೆಟ್ಟಿಗೆ ಚುಚ್ಚಿದಾಗ ಅದಕ್ಕೆ ತನ್ನದೇ ಬುದ್ಧಿ ಇರುವುದಿಲ್ಲ. ಡ್ರೈವರ್ ಅದರೊಳಗೆ ಒಂದು ಪುಟ್ಟ ಪ್ರೋಗ್ರಾಂ ತುಂಬುತ್ತದೆ. ತುಂಬಿದ ಮೇಲೆ ಪೆಟ್ಟಿಗೆ ತಾನೇ ಸಂಪರ್ಕ ಕಡಿದುಕೊಂಡು, ಹೊಸ ಸಾಧನವಾಗಿ, ಹೊಸ ಸಂಖ್ಯೆ ಹೇಳಿಕೊಂಡು ಮತ್ತೆ ಬರುತ್ತದೆ. ನನ್ನ ಫಿಲ್ಟರ್ ಹಳೆಯ ಸಂಖ್ಯೆಯನ್ನು ಮಾತ್ರ ಕಾಯುತ್ತಿತ್ತು. ಹೊಸ ಸಂಖ್ಯೆಗೆ ಇನ್ನೊಂದು ಫಿಲ್ಟರ್ ಬರೆದೆ. ಒಂದು ನಿಮಿಷದ ಕೆಲಸ. ದೀಪ ಕೆಂಪು, ಹಳದಿ, ಹಸಿರು. ಹಸಿರು ನಿಂತಿತು. ಡ್ರೈವರ್ ಹೊಸದು ಬೇಕಾಗಿಯೇ ಇರಲಿಲ್ಲ. ಗುರುವಾರದ ಫೋನೇ ಬೇಕಾಗಿರಲಿಲ್ಲ. ಎರಡು ಹೆಸರು ಬರುತ್ತದೆ ಎಂದು ಬುಧವಾರ ಆಕೆ ಹೇಳಿದಾಗ ತಿರುಗಿ ನೋಡಿದ್ದರೆ ಅವತ್ತೇ ಮುಗಿಯುತ್ತಿತ್ತು.

ಇದನ್ನು ಆಕೆಗೆ ಹೇಳಬೇಕೆಂದು ತಲೆ ಎತ್ತಿದೆ. ಆಕೆ ಫೋನಿನಲ್ಲಿದ್ದರು.

ಕಿವಿ ಕೇಳದವರಿಗೆ ಫೋನಿನಲ್ಲಿ ವಿಷಯ ತಿಳಿಸುವುದು ಹೇಗೆ ಎಂದು ಡಾಕ್ಟರ್ ಯೋಚಿಸಿದ್ದರೋ ಇಲ್ಲವೋ. ಮನೆಯಲ್ಲಿ ಬೇರೆಯವರು ಎತ್ತಿದರೆ ಸರಿ. ಅವರೇ ಎತ್ತಿದರೆ ಆಕೆ ಕೂಗಬೇಕಾಗಿತ್ತು.

"ಹೋಗೇತ್ರಿ! ನಿಮ್ಮ ರೆಕಾರ್ಡ್ ಎಲ್ಲಾ ಹೋಗೇತ್ರಿ! ... ಯಾರೂ ಹೋಗಿಲ್ರೀ, ಎಲ್ಲಾರೂ ಆರಾಮ ಅದಾರ, ರೆಕಾರ್ಡ್ ಹೋಗೇತಿ! ... ನನ್ನ ತಪ್ಪಿನಿಂದ್ರಿ! ... ತಪ್ಪು! ತಪ್ಪು ನಂದು!"

ಕಾಯುವ ಕುರ್ಚಿಗಳಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಆಕೆ ಫೋನಿಟ್ಟು, ಹೆಸರಿನ ಮುಂದೆ ಗೆರೆ ಎಳೆದು, ನೀರು ಕುಡಿದು, ಮುಂದಿನ ನಂಬರು ಒತ್ತುತ್ತಿದ್ದರು. ಪ್ರತಿ ಗೆರೆಗೂ ಆಕೆಯ ಕೆಲಸ ಒಂದಿಷ್ಟು ಕಡಿಮೆಯಾಗುತ್ತಿತ್ತು. ನಿಧಾನ ಮಾಡಬಹುದಿತ್ತು, ಸೋಮವಾರಕ್ಕೆ ಎಳೆಯಬಹುದಿತ್ತು. ಮಾಡಲಿಲ್ಲ. ಕೆಲವರಿಗೆ, ಪುಸ್ತಕದಲ್ಲಿ ಇಲ್ಲದ ಮಾತನ್ನೂ ನೆನಪಿನಿಂದ ಸೇರಿಸಿ ಹೇಳುತ್ತಿದ್ದರು. ಹೊಸಬರು ಕೂತಿರ್ತಾರೆ, ಕುಕ್ಕರ್ ಸದ್ದಿನ ವಿಷಯ ನೀವೇ ಮರೀದೆ ಹೇಳ್ರಿ ಎಂದು.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಲಸಂದ್ರದ ಹಿರಿಯರೊಬ್ಬರಿಗೆ ಫೋನ್ ಮಾಡಿದರು. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆದವರು, ಈಗ ಮೂರು ಕಟ್ಟಡದ ಬಾಡಿಗೆಯಲ್ಲಿ ಬದುಕುವವರು ಎಂದು ಆಕೆಯೇ ಆಮೇಲೆ ಹೇಳಿದ್ದು. ಅವರ ದನಿ ಮೇಜಿನ ಈಚೆ ನನಗೂ ಕೇಳುತ್ತಿತ್ತು.

"ಯಾರಮ್ಮಾ? ಏನ್ ಹೋಗೇತಿ? ಏನೂ ಅರ್ಥಾಗ್ತಿಲ್ಲ ಕಣಮ್ಮ ನಿನ್ ಮಾತು. ಅಲ್ಲಿ ಯಾರಾದ್ರೂ ಕನ್ನಡದೋರು ಇದ್ರೆ ಕೊಡು."

ಆಕೆ ಮತ್ತೊಮ್ಮೆ ಪ್ರಯತ್ನಿಸಿದರು. ಆಮೇಲೆ ಫೋನನ್ನು ಮೇಜಿನ ಮೇಲಿಂದ ನನ್ನ ಕಡೆ ಚಾಚಿದರು.

"ತಗೋರಿ ಸರ್ರ. ಕನ್ನಡದವರು ಬೇಕಂತ."

ತಗೊಂಡೆ.

"ಹಾಂ, ಈಗ ಹೇಳಿ ಸ್ವಾಮಿ. ಏನಾಗಿದೆ?"

"ನಿಮ್ಮ ಕಿವಿ ಪರೀಕ್ಷೆ ದಾಖಲೆ ಅಳಿಸಿಹೋಗಿದೆ ಸಾರ್. ಇನ್ನೊಂದ್ ಸಲ ಬರ್ಬೇಕಾಗುತ್ತೆ."

"ಅಳಿಸೋಗದು ಅಂದ್ರೆ? ತಾನೇ ತಾನಾಗಿ ಅಳಿಸೋಯ್ತಾ? ಯಾರೋ ಮಾಡಿರ್ಬೇಕಲ್ವಾ?"

ಆಕೆ ಅವರ ಹೆಸರಿನ ಮುಂದೆ ಆಗಲೇ ಗೆರೆ ಎಳೆದು, ಮುಂದಿನ ನಂಬರನ್ನು ಬೆರಳಿನಿಂದ ಹುಡುಕುತ್ತಿದ್ದರು. ಡಾಕ್ಟರ್ ಕೋಣೆಯ ಬಾಗಿಲು ತೆರೆದೇ ಇತ್ತು.

"ಇಲ್ಲಿ ಕೆಲಸ ಮಾಡೋ ಹುಡುಗಿ ಸಾರ್," ಎಂದೆ.

"ಕೇಳಿಸ್ಲಿಲ್ಲ. ಜೋರಾಗಿ ಹೇಳಿ."

ಜೋರಾಗಿ ಹೇಳಿದೆ.